ಟ್ಯೂಬಿಂಗನ್‌ನಿಂದ ಅಪ್ಪನಿಗೆ

ತೀರ್ಥರೂಪ ಅಪ್ಪನವರಿಗೆ ನಮಸ್ಕಾರಗಳು. ನಾನು ಕ್ಷೇಮ. ಅಲ್ಲಿ ನೀವೂ ಕ್ಷೇಮ ಅಂತಲೇ ನಂಬಿಕೊಂಡಿದ್ದೆ, ನಿನ್ನೆ ಸುಮಾ ಕಾಗದ ಬರುವ ತನಕ. ಅಮ್ಮ, ಇದನ್ನು ನೀನೇ ಓದಿ ಹೇಳು. ಸುಮಾ ಓದಿದರೆ ಮಧ್ಯೆ ಮಧ್ಯೆ ತನ್ನ ಬೈಗುಳವನ್ನೂ ಸೇರಿಸುತ್ತಾಳೆ.

ಅಪ್ಪ, ಹಾಲಿನವನಿಗೆ ನೂರು ಅಂತ ಐನೂರರ ನೋಟು ಕೊಟ್ಟಿರಂತೆ. ಅವನು ಒಳ್ಳೆಯವನು, ವಾಪಸ್ ಕೊಟ್ಟ. ಆಮೇಲೆ ಹಿತ್ತಲಿನ ಮೆಟ್ಟಿಲು ಕಾಣದೆ ಮುಗ್ಗರಿಸಿದಿರಂತೆ. ಕೇಳಿದರೆ "ಮಂಡಿ ತರಚಿತು, ಅಷ್ಟೇ" ಅಂದಿರಂತೆ. ಸಕ್ಕರೆ ಕಾಯಿಲೆ ಇರುವವರಿಗೆ ಗಾಯ ಯಾವತ್ತೂ "ಅಷ್ಟೇ" ಅಲ್ಲ. ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ಕಣ್ಣಿನ ಮಾತು ತೆಗೆದ ತಕ್ಷಣ "ತಗೋ, ಅಮ್ಮನ ಹತ್ತಿರ ಮಾತಾಡು" ಅನ್ನುತ್ತೀರಿ. ಕಾಗದವನ್ನು ಹಾಗೆ ದಾಟಿಸಲು ಆಗುವುದಿಲ್ಲ, ಅಲ್ವಾ?

ಪೊರೆ ಇನ್ನೂ ಬಲಿತಿಲ್ಲ, ಬಲಿತ ಮೇಲೆ ತೆಗೆಸುತ್ತೇನೆ ಅನ್ನುತ್ತಿದ್ದೀರಂತೆ. ಅದು ಅಜ್ಜನ ಕಾಲದ ಮಾತು. ಈಗ ಬಲಿಯುವ ತನಕ ಕಾಯಬೇಕಾಗಿಲ್ಲ. ಜಾಸ್ತಿ ಬಲಿತರೆ ಗಟ್ಟಿಯಾಗಿ ಡಾಕ್ಟರಿಗೇ ಕಷ್ಟ. ಕಣ್ಣಿಗೆ ಹನಿ ಹಾಕಿ ಮರಗಟ್ಟಿಸುತ್ತಾರೆ, ಪೊರೆ ತೆಗೆದು ಲೆನ್ಸ್ ಕೂರಿಸುತ್ತಾರೆ, ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳಿಸುತ್ತಾರೆ. ಸಕ್ಕರೆ ಮಾತ್ರ ಹತೋಟಿಯಲ್ಲಿರಬೇಕು. ಹಾಗೆಯೇ ಕಣ್ಣಿನ ಹಿಂದಿನ ಪರದೆಯನ್ನೂ ನೋಡಿಸಿ. ಸಕ್ಕರೆ ಇದ್ದವರಿಗೆ ತೊಂದರೆ ಅಲ್ಲೂ ಇರಬಹುದು.

ಇಲ್ಲಿನ ಸುದ್ದಿ ಕೇಳಿದ್ದೀರಿ. ಹೋದ ವಾರ ಮತ್ತೆ ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್‌ಗೆ ಹೋಗಿದ್ದೆ. ರೈಲು ತಡವಾಯಿತು. ಜರ್ಮನಿಯಲ್ಲಿ ಎಲ್ಲಾ ಗಡಿಯಾರದ ಪ್ರಕಾರ ಅಂತ ಊರಲ್ಲಿ ಹೇಳುವವರಿಗೆ ಈ ವಿಷಯ ತಲುಪಿಸಿ! ಭಾನುವಾರ ಅಂಗಡಿ ಮುಚ್ಚುವುದರಲ್ಲಿ ಮಾತ್ರ ಇವರದು ಭಾರೀ ಶಿಸ್ತು. ಶನಿವಾರ ಈರುಳ್ಳಿ ಮರೆತರೆ ಸೋಮವಾರದ ತನಕ ಈರುಳ್ಳಿ ಇಲ್ಲ.

ಬಾಸೆಲ್ ಮಿಷನ್ನಿನ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದರು. ಅಲ್ಲಿಂದ ಅವರು ಕಳಿಸಿದ ಕಾಗದ, ವರದಿ ಎಲ್ಲಾ ಬಾಸೆಲ್‌ನಲ್ಲಿ ಜೋಪಾನವಾಗಿವೆ. ಓದುವ ಕೋಣೆಯಲ್ಲಿ ಪೆನ್ನು ಬಳಸುವಂತಿಲ್ಲ, ಪೆನ್ಸಿಲ್ ಮಾತ್ರ. ಬರಹ ಹಳೆಯ ಜರ್ಮನ್ ಮೋಡಿಯದು. 'ಇ' ಅಕ್ಷರ 'ಎನ್' ಹಾಗೆ ಕಾಣುತ್ತದೆ, 'ಯು' ಮೇಲೊಂದು ಕೊಂಕು. ಈಗಿನ ಜರ್ಮನ್ ಹುಡುಗರಿಗೆ ತಮ್ಮ ಮುತ್ತಜ್ಜನ ಕೈಬರಹ ಓದಲು ಬರುವುದಿಲ್ಲ, ಶಿವಮೊಗ್ಗದ ನಾನು ಓದಿ ಹೇಳುತ್ತೇನೆ. ಸ್ವಲ್ಪ ಜಂಬ ಪಡಬಹುದು ತಾನೇ? ಆ ಮೋಡಿಯ ನಡುವೆ ಹೊರಗಿನ ಪದ ಬಂದರೆ ಲಿಪಿ ಬದಲಿಸಿ ದುಂಡಗೆ ಬರೆಯುತ್ತಿದ್ದರು. ಹಾಗಾಗಿ ಪುಟ ತಿರುಗಿಸಿದಾಗ ಮೊದಲು ಕಣ್ಣಿಗೆ ಬೀಳುವುದು ನಮ್ಮವೇ: ಮೂಲ್ಕಿ, ಉಡುಪಿ, ಹುಬ್ಬಳ್ಳಿ.

ಕನ್ನಡ ಓದಲು ಜರ್ಮನಿಗೆ ಹೋಗಬೇಕಿತ್ತಾ ಅಂತ ಚಿಕ್ಕಪ್ಪ ಮತ್ತೆ ಕೇಳಿದರಂತೆ. ಅವರಿಗೆ ಹೇಳಿ: ಒಂದು ಸೀಮೆಯ ಭಾಷೆ, ಸಾಹಿತ್ಯ, ಚರಿತ್ರೆಯನ್ನು ಒಟ್ಟಿಗೆ ಇಟ್ಟು ಓದುವುದು ಇಲ್ಲಿ ಹಳೆಯ ಕಸುಬು. ಹೈಡೆಲ್‌ಬರ್ಗ್‌ನಲ್ಲಿ ಅದಕ್ಕೆಂದೇ 1962ರಿಂದ ದಕ್ಷಿಣ ಏಷ್ಯಾ ಸಂಸ್ಥೆ ಇದೆ. 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ಹೊರಡಿಸಿದ ಬಾಸೆಲ್ ಮಿಷನ್ನಿನ ಮೊಗ್ಲಿಂಗ್, ದಾಸರ ಪದ, ಜೈಮಿನಿ ಭಾರತಗಳನ್ನು ಕಲ್ಲಚ್ಚಿನಲ್ಲಿ ಅಚ್ಚು ಹಾಕಿಸಿದವರೂ ಹೌದು. ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು ಇದೇ ಟ್ಯೂಬಿಂಗನ್ ವಿಶ್ವವಿದ್ಯಾನಿಲಯ. ಅದೇ ಮಿಷನ್ನಿನ, ನಿಘಂಟಿನ ಕಿಟೆಲ್ ಕೊನೆಗಾಲ ಕಳೆದು 1903ರಲ್ಲಿ ತೀರಿಕೊಂಡದ್ದೂ ಇದೇ ಊರಲ್ಲಿ.

ಹಾಗಂತ ಇವರನ್ನೆಲ್ಲ ತಲೆ ಮೇಲೆ ಹೊತ್ತು ಮೆರೆಸುತ್ತಿಲ್ಲ. ಬಂದದ್ದು ಮತ ಹರಡಲು, ಭಾಷೆ ಕಲಿತದ್ದೂ ಮೊದಲು ಅದಕ್ಕೇ. ನಮ್ಮ ದೇವರು, ಹಬ್ಬಗಳ ಬಗ್ಗೆ ಬರೆದದ್ದು ಓದಿದರೆ ಕೆಲವು ಸಲ ಮೈ ಉರಿಯುತ್ತದೆ. ನನಗೆ ಅದಕ್ಕಿಂತ ಕಾಡುವುದು ಬೇರೆ. ಪಕ್ಕದಲ್ಲಿ ಕೂತು ಕನ್ನಡ ಹೇಳಿಕೊಟ್ಟವರು ನಾನು ಓದಿದ ಕಾಗದಗಳಲ್ಲಿ ಬರೀ "ಮುನ್ಷಿ". ಹೆಸರಿಲ್ಲ, ಊರಿಲ್ಲ. ನಾನು ಹುಡುಕುತ್ತಿರುವುದು ಅವರನ್ನೇ. ಕೆಲವರ ಸುಳಿವು ಸಿಕ್ಕಿದೆ. ಕೆಲವು ಕಡೆ ಪಕ್ಕದಲ್ಲಿ ಕನ್ನಡದಲ್ಲೇ ಗೀಚಿದ ಸಾಲುಗಳಿವೆ. ಆ ಹಳೆಯ ಕೈಬರಹ ಓದುವುದರಲ್ಲಿ ನಿಮ್ಮನ್ನು ಮೀರಿಸಿದವರನ್ನು ನಾನು ಇನ್ನೂ ನೋಡಿಲ್ಲ. ನಕಲು ತೆಗೆಸಿ ಇಟ್ಟಿದ್ದೇನೆ. ಆಪರೇಷನ್ ಆಗುವ ತನಕ ಒಂದು ಹಾಳೆಯನ್ನೂ ಕಳಿಸುವುದಿಲ್ಲ. ಇದನ್ನು ಬೆದರಿಕೆ ಅಂತಲೇ ತಿಳಿದುಕೊಳ್ಳಿ.

ಕಿಟೆಲ್ ನಿಘಂಟಿನ ಆ ಮದ್ರಾಸಿನ ನಾಲ್ಕು ಸಂಪುಟಗಳನ್ನು ಈಗ ಭೂತಗನ್ನಡಿ ಹಿಡಿದರೂ ಓದಲಾಗದೆ ಅಮ್ಮನ ಕೈಲಿ ಓದಿಸುತ್ತೀರಂತೆ. ನಲವತ್ತು ವರ್ಷ ಮಕ್ಕಳಿಗೆ ಕನ್ನಡ ಪಾಠ ಮಾಡಿದವರಿಗೆ ಇದು ಬೇಕಾ ಅಪ್ಪ?

ದುಡ್ಡು ಸುಮಾ ಮದುವೆಗೆ ಇರಲಿ ಅನ್ನುವುದನ್ನು ಬಿಡಿ. ಫೆಲೋಶಿಪ್‌ನಲ್ಲಿ ಉಳಿದದ್ದನ್ನು ಅವಳ ಖಾತೆಗೆ ಹಾಕಿದ್ದೇನೆ. ನಾನು ಊಟ ಬಿಟ್ಟು ಉಳಿಸಿಲ್ಲ, ಅಮ್ಮ. ದಿನಾ ಅನ್ನ, ಸಾರು ಮಾಡುತ್ತೇನೆ. ಚಳಿಯೂ ಅಷ್ಟೇನಿಲ್ಲ, ಕೋಣೆ ಬೆಚ್ಚಗಿದೆ, ಕೆಮ್ಮು ಹೋಗಿದೆ, ನಿಜವಾಗಿಯೂ ಹೋಗಿದೆ. ನಾನು ಬಂದ ಮೇಲೆ ಮಾಡಿಸೋಣ ಅಂತ ಮಾತ್ರ ಕಾಯಬೇಡಿ. ಬರುವುದು ಮೇ ತಿಂಗಳಾಗುತ್ತದೆ.

ಸುಮಾ, ಸೋಮವಾರ ಡಾಕ್ಟರ ಹತ್ತಿರ ಸಮಯ ತಗೋ. ಮಂಡಿಯನ್ನೂ ತೋರಿಸು. ಸಕ್ಕರೆಯ ರಿಪೋರ್ಟ್ ಫೋಟೋ ಕಳಿಸು. ಅಮ್ಮ, ಆಪರೇಷನ್ ಆದ ಮೇಲೆ ಡಾಕ್ಟರು ಹೇಳುವ ತನಕ ತಲೆಗೆ ನೀರು ಹಾಕಬೇಡ, ಹಬ್ಬ ಬಂದರೂ ಸರಿ.

ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು. ಚಿಕ್ಕಮ್ಮನಿಗೆ ಬೇರೆ ಬರೆಯುತ್ತೇನೆ.

ನಿಮ್ಮ ಮಗಳು,
ವೀಣಾ