ಸೇಬು ಸಾಕು, ಒಂದು ತೆಂಗಿನಕಾಯಿ ಬೀಳಲಿ

ಮಾನ್ಯ ಸಂಪಾದಕರೇ,

ಯು.ಕೆ.ಜಿ.ಗೆ ಹೋಗುವ ನನ್ನ ಮೊಮ್ಮಗಳು ಕಳೆದ ವಾರ ಒಂದು ಚಿತ್ರಪುಸ್ತಕ ಹಿಡಿದುಕೊಂಡು ಬಂದು ಕೇಳಿದಳು, "ಅಜ್ಜ, ಗುರು ಅಂದ್ರೆ ಟೀಚರ್ ಅಲ್ವಾ? ಹಾಗಾದ್ರೆ ಟೀಚರ್ ಎಳೆಯುವುದಾ?" ನನಗೆ ತಲೆಬುಡ ಅರ್ಥ ಆಗಲಿಲ್ಲ. ನೋಡಿದರೆ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ 'ಗುರುತ್ವಾಕರ್ಷಣೆ' ಅಂತ ಉಂಟು. ಐದು ವರ್ಷದ ಮಗುವಿನ ಬಾಯಲ್ಲಿ ಹಿಡಿಸದ ಶಬ್ದ. ಇಲ್ಲಿ ಗುರು ಅಂದರೆ ಭಾರ ಅಂತ ಹೇಳಿದೆ. ಅವಳು ನಂಬಲಿಲ್ಲ.

ನಾನು ಮೇಷ್ಟ್ರಲ್ಲ. ಕಾಲೇಜೊಂದರ ಫಿಸಿಕ್ಸ್ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದೆ, ಈಗ ನಿವೃತ್ತ. ಆದರೂ ಆ ಪುಸ್ತಕ ಓದಿ ಸುಮ್ನೆ ಕೂರಲು ಆಗಲಿಲ್ಲ.

ಎರಡನೇ ಪುಟದಲ್ಲಿ ನ್ಯೂಟನ್ ತಲೆ ಮೇಲೆ ಸೇಬು ಬಿದ್ದು ತಲೆ ಊದಿಕೊಂಡಿದೆ. ಮಕ್ಕಳು ನಗಲಿ, ಪರವಾಗಿಲ್ಲ. ಆದರೆ ನ್ಯೂಟನ್ ಮುದುಕನಾದ ಮೇಲೆ, 1726ರಲ್ಲಿ, ತನ್ನ ಸ್ನೇಹಿತ ಸ್ಟೂಕ್ಲಿಗೆ ಹೇಳಿದ ಕಥೆಯಲ್ಲಿ ತಲೆಯ ಸುದ್ದಿಯೇ ಇಲ್ಲ. ಸೇಬು ಬೀಳುವುದನ್ನು ನೋಡಿದಾಗ, ಇದು ಯಾವಾಗಲೂ ನೆಟ್ಟಗೆ ಕೆಳಕ್ಕೇ ಯಾಕೆ ಬರಬೇಕು, ಅಡ್ಡಕ್ಕೋ ಮೇಲಕ್ಕೋ ಯಾಕೆ ಹೋಗಬಾರದು ಅಂತ ಅವನಿಗೆ ಅನಿಸಿತಂತೆ. ಇದು ಅಪ್ಪಟ ಮಕ್ಕಳ ಪ್ರಶ್ನೆ. ಅದನ್ನೇ ಬಿಟ್ಟು ತಲೆಗೆ ಬುಗುಟು ಬರಿಸಿದ್ದಾರೆ.

ಮುಂದಿನ ಪುಟದಲ್ಲಿ ಹಿಮದ ಗುಡ್ಡದಿಂದ ಜಾರುವ ಹುಡುಗ. ಉಡುಪಿಯ ಮಗು ಹಿಮ ನೋಡಿದ್ದು ಎಲ್ಲಿ? ಫ್ರಿಜ್ಜಿನಲ್ಲಿ. ಅಡಿಕೆ ಹಾಳೆಯಲ್ಲಿ ಕೂತು ಅಂಗಳದ ಇಳಿಜಾರಿನಲ್ಲಿ ಸರ್ರನೆ ಜಾರಿದ್ದು ಬೇಕಾದಷ್ಟು ಉಂಟು. ಬಾವಿಗೆ ಬಿಟ್ಟ ಕೊಡ ಉಂಟು, ಮಳೆಗಾಲದಲ್ಲಿ ಹಂಚಿನ ಮಾಡಿನಿಂದ ಇಳಿಯುವ ನೀರು ಉಂಟು, ಕೃಷ್ಣಾಷ್ಟಮಿಯ ಮರುದಿನ ವಿಟ್ಲಪಿಂಡಿಯ ಉತ್ಸವದಲ್ಲಿ ರಥಬೀದಿಯಲ್ಲಿ ಮೊಸರು ಕುಡಿಕೆ ಒಡೆದಾಗ ಕೆಳಗಿದ್ದವರ ತಲೆ ಮೇಲೆ ಸುರಿಯುವುದೂ ಉಂಟು. ಬೇರೆ ಭಾಷೆಯಿಂದ ಅನುವಾದ ಮಾಡುವಾಗ ಚಿತ್ರ ಬದಲಿಸಲು ಖರ್ಚು ಜಾಸ್ತಿ ಇರಬಹುದು, ಒಪ್ಪುತ್ತೇನೆ. ಆದರೆ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಮಕ್ಕಳಿಗಾಗಿ 'ಬಾಲ ಪ್ರಪಂಚ' ಬರೆದು 80 ವರ್ಷ ದಾಟಿತು. ನಾವು ಇನ್ನೂ ಬೇರೆಯವರ ಹಿಮದಲ್ಲೇ ಜಾರುತ್ತಾ ಇದ್ದೇವೆ!

ನನಗೆ ನಿಜವಾಗಿ ಸಿಟ್ಟು ಬಂದದ್ದು ಮತ್ತೆರಡು ಪುಟಗಳಿಗೆ. ಒಂದರಲ್ಲಿ ಆನೆ ಬೇಗ ಬೀಳುತ್ತದೆ, ಇಲಿ ನಿಧಾನವಾಗಿ ಬೀಳುತ್ತದೆ ಅಂತ ಬರೆದಿದ್ದಾರೆ. ಸರಿ, ನೋಡಿಯೇ ಬಿಡುವ ಅಂತ ಮೊಮ್ಮಗಳನ್ನು ಅವಳ ಅಜ್ಜಿಯ ಜೊತೆ ಜಗಲಿಯಲ್ಲಿ ಕೂರಿಸಿ ನಾನು ತಾರಸಿ ಹತ್ತಿದೆ. ಕೆಳಗೆ ಅಂಗಳದಲ್ಲಿ ಹೊಯಿಗೆ (ಮರಳು) ರಾಶಿ ಇತ್ತು. ಒಂದು ಕೈಯಲ್ಲಿ ಸಿಪ್ಪೆ ಸಮೇತ ತೆಂಗಿನಕಾಯಿ, ಇನ್ನೊಂದರಲ್ಲಿ ಒಂದು ಅಡಿಕೆ. ಯಾವುದು ಮೊದಲು ಬೀಳುತ್ತದೆ ಅಂತ ಕೇಳಿದೆ. "ತೆಂಗಿನಕಾಯಿ" ಅಂದಳು. ಅಜ್ಜಿಯೂ ಅದೇ ಅಂದಳು. ಪಕ್ಕದ ಮನೆಯ ಇಂಜಿನಿಯರಿಂಗ್ ಹುಡುಗ ಕೂಡ ಸ್ವಲ್ಪ ಯೋಚಿಸಿ ಅದಕ್ಕೇ ವೋಟು ಹಾಕಿದ. ಎರಡನ್ನೂ ಒಟ್ಟಿಗೆ ಬಿಟ್ಟೆ. ಹತ್ತು ಅಡಿ ಎತ್ತರ, ಒಂದು ಸೆಕೆಂಡ್ ಕೂಡ ಹಿಡಿಯಲಿಲ್ಲ. ಧಬ್ ಅಂತ ಒಂದೇ ಸದ್ದು. ಹೊಯಿಗೆಯಲ್ಲಿ ಎರಡು ಗುಂಡಿ, ಒಂದು ದೊಡ್ಡದು, ಒಂದು ಚಿಕ್ಕದು. ಮೊಮ್ಮಗಳು "ಇನ್ನೊಮ್ಮೆ" ಅಂದಳು. ಏಳು ಸಲ ಮೆಟ್ಟಿಲು ಹತ್ತಿಸಿದಳು, ನನ್ನ ಮೊಣಕಾಲು ಇನ್ನೂ ನೋಯುತ್ತಿದೆ.

ಕೊನೆಗೆ ನಿಮ್ಮದೇ ಪತ್ರಿಕೆಯ ಒಂದು ಹಾಳೆ ತೆಗೆದುಕೊಂಡೆ (ಹಳೆಯದು, ಬೇಸರ ಬೇಡ). ಬಿಡಿಸಿ ಬಿಟ್ಟರೆ ತೇಲಿಕೊಂಡು ಹೋಗಿ ದಾಸವಾಳದ ಗಿಡದ ಮೇಲೆ ಕೂತಿತು. ಅದನ್ನೇ ಗಟ್ಟಿ ಉಂಡೆ ಮಾಡಿ ಬಿಟ್ಟರೆ ಅಡಿಕೆ ಜೊತೆಗೇ ಬಿತ್ತು. ಕಾಗದ ಅದೇ, ಭಾರ ಅದೇ. ಅಡ್ಡ ಬಂದದ್ದು ಗಾಳಿ. ನಮ್ಮ ಲ್ಯಾಬಿನಲ್ಲಿ ಉದ್ದದ ಗಾಜಿನ ಕೊಳವೆಯಿಂದ ಗಾಳಿ ಎಳೆದು ತೆಗೆದಾಗ ನಾಣ್ಯವೂ ಹಕ್ಕಿ ಗರಿಯೂ ಒಟ್ಟಿಗೆ ಬೀಳುತ್ತಿದ್ದವು. 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಸುತ್ತಿಗೆಯನ್ನೂ ಗರಿಯನ್ನೂ ಬಿಟ್ಟು ತೋರಿಸಿದ್ದೂ ಇದನ್ನೇ.

ಇನ್ನೊಂದು ಪುಟದಲ್ಲಿ ಗಗನಯಾತ್ರಿ ತೇಲುತ್ತಿದ್ದಾನೆ, ಕೆಳಗೆ 'ಬಾಹ್ಯಾಕಾಶದಲ್ಲಿ ಗುರುತ್ವಾಕರ್ಷಣೆ ಇಲ್ಲ' ಅಂತ ಬರಹ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರುವುದು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ. ಮಂಗಳೂರಿನಿಂದ ಬಸ್ಸು ನೆಟ್ಟಗೆ ಮೇಲಕ್ಕೆ ಹೊರಟರೆ ಬೆಂಗಳೂರು ದಾಟಿ ಸ್ವಲ್ಪ ಮುಂದೆ ಹೋದ ಹಾಗೆ, ಅಷ್ಟೇ. ಅಲ್ಲಿಯೂ ಭೂಮಿಯ ಎಳೆತ ಇಲ್ಲಿನದರ ಶೇಕಡಾ 90ರಷ್ಟು ಇದೆ. ಎಳೆತ ಇಲ್ಲದಿದ್ದರೆ ನಿಲ್ದಾಣ ಭೂಮಿಯನ್ನು ಸುತ್ತುವುದು ಹೇಗೆ? ಅದು ಬೀಳುತ್ತಲೇ ಇರುತ್ತದೆ, ಆದರೆ ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗದಲ್ಲಿ ಅಡ್ಡಕ್ಕೂ ಓಡುವುದರಿಂದ ನೆಲ ಸಿಗುವುದಿಲ್ಲ. ಒಳಗಿದ್ದವರೂ ಜೊತೆಗೇ ಬೀಳುತ್ತಿರುತ್ತಾರೆ, ಹಾಗಾಗಿ ತೇಲಿದಂತೆ ಕಾಣುತ್ತದೆ. ಐದು ವರ್ಷದವಳಿಗೆ ಇಷ್ಟೆಲ್ಲ ಬೇಡ, ಸರಿ. ಹಾಗಂತ ತಪ್ಪು ಹೇಳುವುದೂ ಬೇಡ. ಈ ತಪ್ಪನ್ನು ಡಿಗ್ರಿವರೆಗೆ ಹೊತ್ತುಕೊಂಡು ಬಂದ ಮಕ್ಕಳನ್ನು ನಾನು ಲ್ಯಾಬಿನಲ್ಲಿ ನೋಡಿದ್ದೇನೆ.

ಪುಸ್ತಕದಲ್ಲಿ ಒಂದು ಚಿತ್ರ ಮಾತ್ರ ಚಿನ್ನದಂಥದ್ದು. ದುಂಡಗಿನ ಭೂಮಿ, ಸುತ್ತಲೂ ನಾಲ್ಕು ಮಕ್ಕಳು, ನಾಲ್ವರ ಕೈಯಿಂದ ಬಿದ್ದ ಚೆಂಡೂ ಭೂಮಿಯ ನಡುವಿನ ಕಡೆಗೇ ಹೋಗುತ್ತಿದೆ. ಮೊಮ್ಮಗಳು ಪುಸ್ತಕವನ್ನು ತಿರುಗಿಸಿ ತಿರುಗಿಸಿ ನೋಡಿ, "ಹಾಗಾದ್ರೆ ಎಲ್ರಿಗೂ ಅವರವರ ಕಾಲ ಹತ್ರವೇ ಕೆಳಗೆ" ಅಂದಳು. ಇದನ್ನು ನಾನು ತಾರಸಿಯಿಂದ ಏನು ಬಿಟ್ಟರೂ ತೋರಿಸಲು ಆಗುತ್ತಿರಲಿಲ್ಲ. ಚಿತ್ರಪುಸ್ತಕ ಬೇಕಾದದ್ದು ಇಂಥದ್ದಕ್ಕೆ.

ನಿಮ್ಮ ಭಾನುವಾರದ ಮಕ್ಕಳ ಪುಟದಲ್ಲಿ ಇಂಥ ಚಿತ್ರ ಹಾಕಿ ನೋಡಿ. ಎಳೆತ ಅಂತ ಬರೆದರೆ ಸಾಕು, ದೊಡ್ಡ ಶಬ್ದ ಹೈಸ್ಕೂಲಿಗೆ ಹೋದ ಮೇಲೆ ಬರಲಿ.

ಆ ಪುಸ್ತಕ ಶಾಲೆಯ ಲೈಬ್ರರಿಯದ್ದು, ಸೋಮವಾರ ವಾಪಸ್ ಕೊಡಬೇಕು. ಗಗನಯಾತ್ರಿಯ ಪುಟದಲ್ಲಿ ಪೆನ್ಸಿಲಿನಲ್ಲಿ 'ಇದು ತಪ್ಪು' ಅಂತ ಬರೆದಿದ್ದೇನೆ. ಟೀಚರ್ ಬೈದರೆ ಅಜ್ಜ ಬರೆದದ್ದು ಅಂತ ಹೇಳು ಅಂದಿದ್ದೇನೆ.

ಇತಿ,
ನಿವೃತ್ತ ಲ್ಯಾಬ್ ಅಟೆಂಡರ್, ಉಡುಪಿ