ಕಮೀನೋ ಹೊರಡುವವರು ದಯವಿಟ್ಟು ಓದಿ
ಎಲ್ಲರಿಗೂ ನಮಸ್ಕಾರ. ಕಮೀನೋ ಅಂದರೆ ಸ್ಪೇನಿನ ಸಾಂತಿಯಾಗೋ ಊರಿಗೆ ನಡೆದು ಹೋಗುವ ಹಳೆಯ ಕ್ರೈಸ್ತ ಯಾತ್ರೆ. ಅಲ್ಲಿಯವರೆಗಿನ ಪೂರ್ತಿ ದಾರಿಯ ಚಿಂತೆ ಈಗಲೇ ಬೇಡ, ಮೊದಲ ದಿನದ ಬೆಟ್ಟದ ಬಗ್ಗೆ ಯೋಚಿಸಿ. ಫ್ರಾನ್ಸಿನ ಸೇನ್ ಜಾನ್ ಪಿಯೆ ದ ಪೋರ್ ಊರಿನಿಂದ ಪಿರೆನೀಸ್ ಪರ್ವತ ದಾಟಿ ಸ್ಪೇನಿನ ರೊನ್ಸೆಸ್ವಾಯೆಸ್ ಸೇರಲು ಸುಮಾರು 25 ಕಿ.ಮೀ. ನಡೆಯಬೇಕು, ಅದರಲ್ಲಿ ಹೆಚ್ಚಿನದು ಏರು, ದಾರಿ 1,400 ಮೀಟರ್ ಎತ್ತರವನ್ನೂ ದಾಟುತ್ತದೆ. ಮೇಲೆ ಮಂಜು ಕವಿದರೆ ದಾರಿಯೇ ಕಾಣುವುದಿಲ್ಲ.

ನವೆಂಬರ್ 1ರಿಂದ ಮಾರ್ಚ್ 31ರವರೆಗೆ ನೆಪೋಲಿಯನ್ ದಾರಿ ಅಂತ ಕರೆಯುವ ಈ ಬೆಟ್ಟದ ದಾರಿ ಬಂದ್. ಆಗ ಸುಮ್ನೆ ಹಟ ಮಾಡಬೇಡಿ, ಕೆಳಗಿನ ವಾಲ್ಕಾರ್ಲೋಸ್ ಕಣಿವೆ ದಾರಿ ಹಿಡಿಯಿರಿ. ಅದೂ ಹಳೆಯ ಯಾತ್ರೆಯ ದಾರಿಯೇ ಅಲ್ವಾ?

ಕೊನೆಯ ಇಳಿಜಾರಿನಲ್ಲಿ ಮೊಣಕಾಲಿಗೆ ಜಾಸ್ತಿ ಕಷ್ಟ. ಕೋಲು ಇಟ್ಟುಕೊಳ್ಳಿ, ಬ್ಯಾಗ್ ಹಗುರ ಮಾಡಿ, ಹೊಸ ಶೂ ಹಾಕಿಕೊಂಡು ಮಾತ್ರ ಹೊರಡಬೇಡಿ. ನಡೆದದ್ದಕ್ಕೆ ಸಾಕ್ಷಿಯಾಗುವ ಪುಸ್ತಕ, ಅಂದರೆ ಯಾತ್ರಿಕರ ಪಾಸ್‌ಪೋರ್ಟ್‌ಗೆ ಮೊದಲ ದಿನದಿಂದಲೇ ಮುದ್ರೆ ಹಾಕಿಸಿಕೊಳ್ಳಿ.