ಪಲ್ಪರ್ ನೀರು ಹಳ್ಳಕ್ಕೆ ಬೇಡ, ಗ್ಯಾಸ್ ಮಾಡಿಸಿ: ಚಿಕ್ಕಮಗಳೂರು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ, ನಮಸ್ಕಾರ.

ನಾನು ಮೂಡಿಗೆರೆ ತಾಲ್ಲೂಕಿನವನು. ಎರಡು ಎಕರೆ ಕಾಫಿ, ಹಳ್ಳದ ದಡದಲ್ಲಿ ಒಂದಿಷ್ಟು ಗದ್ದೆ. ಚಳಿಗಾಲದಲ್ಲಿ ಕಾಫಿ ಕುಯ್ಲು ಶುರುವಾದರೆ ನಮ್ಮನೆ ಕಿಟಕಿ ತೆಗೆಯುವ ಹಾಗಿಲ್ಲ. ಮೇಲಿನ ತೋಟದ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ನೀರು ಸೀದಾ ಹಳ್ಳಕ್ಕೆ. ಕಪ್ಪು ನೀರು, ಹುಳಿ ನಾತ, ಮೇಲೆ ನೊರೆ. ದನಗಳು ಮೂಸಿ ನೋಡಿ ಹಾಗೇ ವಾಪಸ್ ಬರುತ್ತವೆ. ಬಟ್ಟೆ ಒಗೆಯಲು ಹೋದ ಹೆಂಡತಿಗೆ ಕೈಯೆಲ್ಲ ಕಡಿತ. ಜಲಮಾಲಿನ್ಯ ತಡೆ ಕಾಯ್ದೆ 1974ರಿಂದ ಇದೆ. ಅದನ್ನು ತಮಗೆ ನಾನು ಹೇಳಬೇಕಾ?

ಹೋದ ಕುಯ್ಲಲ್ಲಿ ಆ ತೋಟದವರು ರಾತ್ರೋರಾತ್ರಿ ಪಲ್ಪರ್ ಹೊಂಡದ ನೀರನ್ನೆಲ್ಲ ಹಳ್ಳಕ್ಕೆ ಬಿಟ್ಟರು. ಬೆಳಿಗ್ಗೆ ನೋಡಿದರೆ ಮೀನು, ಏಡಿ ಎಲ್ಲ ಸತ್ತು ತೇಲುತ್ತಿವೆ. ದೂರು ಕೊಟ್ಟೆ. ಸಾಹೇಬರು ಬಂದದ್ದು ಯಾವಾಗ? ಆಷಾಢದ ಮಳೆಯಲ್ಲಿ, ಹಳ್ಳ ದಡ ಮೀರಿ ಹರಿಯುವಾಗ! ಬಾಟಲಿಗೆ ನೀರು ತುಂಬಿಕೊಂಡರು, ಅದೇ ತೋಟದ ಬಂಗಲೆಯಲ್ಲಿ ಕಾಫಿ ಕುಡಿದರು, ‘ಕಾಫಿ ತ್ಯಾಜ್ಯ ಕಂಡುಬಂದಿಲ್ಲ’ ಎಂದು ಬರೆದು ಹೋದರು. ಆಷಾಢದಲ್ಲಿ ಪಲ್ಪಿಂಗ್ ಮಾಡುವವರು ಯಾರಾದರೂ ಇದ್ದರೆ ನನಗೂ ತೋರಿಸಿ ಸ್ವಾಮಿ.

ಯಾರ ಪಲ್ಪರನ್ನೂ ನಿಲ್ಲಿಸಿ ಅನ್ನುತ್ತಿಲ್ಲ. ಆ ನೀರನ್ನು ಗ್ಯಾಸ್ ಮಾಡಿಸಿ. ಕಾಫಿ ಹಣ್ಣಿನ ಸಿಪ್ಪೆ, ಲೋಳೆಯಲ್ಲಿ ಸಕ್ಕರೆ ಇರುತ್ತದೆ. ಹಳ್ಳದಲ್ಲಿ ಕೊಳೆತರೆ ನೀರಿನ ಆಮ್ಲಜನಕವೆಲ್ಲ ಖಾಲಿ. ಅದೇ ನೀರಿಗೆ ಸುಣ್ಣ ಹಾಕಿ ಹುಳಿ ತಗ್ಗಿಸಿ, ಸಗಣಿ ಬೆರೆಸಿ, ಗಾಳಿಯಾಡದ ತೊಟ್ಟಿಯಲ್ಲಿ ಕೊಳೆಸಿದರೆ ಮೀಥೇನ್ ಬರುತ್ತದೆ. ತೋಟದ ಕೆಲಸದವರ ಲೈನ್ ಮನೆಗಳ ಒಲೆ ಉರಿಯುತ್ತದೆ. ಉಳಿದ ಬಗ್ಗಡ ಕಾಫಿ ಗಿಡಕ್ಕೇ ಗೊಬ್ಬರ. ಕುಯ್ಲು ಮುಗಿದ ಮೇಲೆ ತೊಟ್ಟಿಗೆ ಏನು ಹಾಕ್ತೀರಿ ಅಂತ ಕೇಳುವವರಿದ್ದಾರೆ. ಕೊಟ್ಟಿಗೆಯಲ್ಲಿ ಸಗಣಿ ಇಲ್ವಾ? ಶನಿವಾರ, ಭಾನುವಾರ ಹೋಂಸ್ಟೇಗಳಲ್ಲಿ ಉಳಿದ ಅನ್ನ, ಬಿರಿಯಾನಿ ರಸ್ತೆ ಬದಿಗೆ ಬೀಳುತ್ತಲ್ಲ, ಅದು ಸಾಲದಾ?

ದೊಡ್ಡ ತೋಟದವರು ಸ್ವಂತ ಖರ್ಚಲ್ಲಿ ಕಟ್ಟಲಿ. ಸಣ್ಣ ಬೆಳೆಗಾರರಿಗೆ ಒಂದೇ ಕಡೆ ಪಲ್ಪರ್, ಪಕ್ಕದಲ್ಲೇ ಗ್ಯಾಸ್ ಘಟಕ ಮಾಡಿಸಿಕೊಡಿ. ಸಗಣಿ, ಕಸದಿಂದ ಗ್ಯಾಸ್ ಮಾಡಿಸುವ ಕೇಂದ್ರದ ಗೋಬರ್‌ಧನ್ ಯೋಜನೆ 2018ರಿಂದ ಇದೆ. ಸಲಹೆ ಬೇಕಂದರೆ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ನಮ್ಮ ಜಿಲ್ಲೆಯಲ್ಲೇ 1925ರಿಂದ ಇದೆ. ಇಲ್ಲದ್ದು ಘಟಕ ಒಂದೇ. ಅಂದ ಹಾಗೆ, ನಮ್ಮ ಹಳ್ಳ ಸೇರುವುದು ಹೇಮಾವತಿಯನ್ನು. ಗೊರೂರು ಅಣೆಕಟ್ಟೆಗೂ ಇದೇ ನೀರು.

ಮತ್ತೆ ಕೇಳುತ್ತೇನೆ, ಆ ನೀರನ್ನು ಗ್ಯಾಸ್ ಮಾಡಿಸಿ. ಈ ಸಲದ ಕುಯ್ಲಿಗೆ ಮುಂಚೆ ಘಟಕಕ್ಕೆ ಜಾಗ ಗುರುತಿಸಿ. ತಪಾಸಣೆಗೆ ಸಾಹೇಬರನ್ನು ಜನವರಿಯಲ್ಲಿ ಕಳಿಸಿ. ಕಾಫಿ ನಾನೇ ಕೊಡುತ್ತೇನೆ.

ಇಂತಿ,
ಹಳ್ಳದ ದಡದ ಒಬ್ಬ ಬೆಳೆಗಾರ
ಮೂಡಿಗೆರೆ ತಾಲ್ಲೂಕು